ಅಕ್ಕೋರು ಬಿಟ್ಟ ಜಾಗ

ಹೋದ ಶನಿವಾರ ಅಂಕೋಲೆಯ ನಮ್ಮ ಹೈಸ್ಕೂಲಿನಲ್ಲಿ ಗಣಿತದ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಇತ್ತು. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಕರೆಯುವುದು ಅಕ್ಕೋರು ಎಂದೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳುವ ಕೆಲಸವನ್ನು ಆ ಸಭೆ ಮಾಡಿ ಮುಗಿಸಿದೆ, ಅದರ ಕಹಿ ಇನ್ನೂ ನನ್ನ ಬಾಯಲ್ಲಿದೆ. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಹದಿನಾರು ವರ್ಷ ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತವನು, ಒಂದೇ ಬಸ್ಸಿನಲ್ಲಿ ಓಡಾಡಿದವನು.

ಮಾತಾಡಿದವರೆಲ್ಲ ಅವರನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟರು. ‘ಧರ್ಮಾತೀತರು’ ಎಂದರು ಒಬ್ಬರು. ‘ಮಾನವೀಯತೆಯೇ ಅವರ ಮತವಾಗಿತ್ತು’ ಎಂದರು ಇನ್ನೊಬ್ಬರು. ‘ಅವರು ಕ್ರಿಶ್ಚಿಯನ್ ಆಗಿದ್ದರೂ’ ಎಂದು ಶುರು ಮಾಡಿದ ಮಹಾಶಯರೂ ಇದ್ದರು. ಆ ‘ಆಗಿದ್ದರೂ’ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನನಗೆ ಮೈ ಉರಿದುಹೋಯಿತು. ಅಕ್ಕೋರು ಯಾವುದಕ್ಕೂ ಅತೀತರಾಗಿರಲಿಲ್ಲ. ಕಾರವಾರದ ಇಗರ್ಜಿಯಲ್ಲಿ ಮೊಣಕಾಲೂರಿ ಮೊಣಕಾಲೂರಿ ಅವರ ಸೀರೆಗಳೆಲ್ಲ ಅದೇ ಜಾಗದಲ್ಲಿ ಸವೆದಿದ್ದವು. ದೇವರು, ದೇವದೂತರು, ಸತ್ತವರ ಆತ್ಮಗಳು, ಜೊತೆಗೆ ಅವರು ಕೊಂಕಣಿಯಲ್ಲಿ ದೆವ್ಚಾರ ಎನ್ನುತ್ತಿದ್ದ ಆ ಸೈತಾನ, ಇವರೆಲ್ಲ ನಮ್ಮ ಶಾಲೆಯ ಕ್ಲರ್ಕು, ಜವಾನರಷ್ಟೇ ನಿಜ ಎಂದು ನಂಬಿದ್ದರು. ಈ ಮಾತನ್ನು ಬಿಟ್ಟು ಅವರ ವಿಷಯ ಹೇಳುವುದೆಂದರೆ ಅವರನ್ನೇ ಬಿಟ್ಟು ಹೇಳಿದಂತೆ.

ನಾನು ಕದ್ವಾಡದ ರೈತರ ಮನೆಯವನು. ದೇವರ ವಿಷಯದಲ್ಲಿ ನನಗೆ ಅಂಥ ಉತ್ಸಾಹವೂ ಇಲ್ಲ, ಜಗಳವೂ ಇಲ್ಲ. ಬೆಳಿಗ್ಗೆ ಕದ್ವಾಡದಿಂದ ಕಾರವಾರದ ಸ್ಟ್ಯಾಂಡಿಗೆ ಬಂದು ಅಂಕೋಲೆ ಬಸ್ಸು ಹತ್ತುತ್ತಿದ್ದೆ. ಅಕ್ಕೋರು ಅಷ್ಟರಲ್ಲಿ ಹತ್ತಿ ಕೂತಿರುತ್ತಿದ್ದರು. ಇಬ್ಬರು ಕೂರುವ ಸೀಟಿನಲ್ಲಿ ದಾರಿಯ ಬದಿಗೆ ಅವರು, ಕಿಟಕಿಯ ಬದಿಗೆ ಯಾರೂ ಇಲ್ಲ. ಮೊದಲ ದಿನ ನಾನು ಆ ಜಾಗ ತೋರಿಸಿ, ‘ಖಾಲಿ ಇದೆಯೇ ಅಕ್ಕೋರೆ?’ ಎಂದು ಕೇಳಿದೆ.

‘ಖಾಲಿ ಅಲ್ಲ’ ಎಂದರು. ಕೂಡಲೇ ಕಾಲು ಸರಿಸಿ ದಾರಿ ಕೊಟ್ಟರು. ‘ಆದ್ರೆ ನೀವು ಕೂತ್ಕೊಳ್ಳಿ ಮಾಸ್ತರೆ. ಅವ ನಿಲ್ತಾನೆ.’

ಅವ ಯಾರೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಪ್ರತಿಯೊಬ್ಬರ ಬಳಿಯೂ ಒಬ್ಬ ಕಾವಲಿನ ದೂತ ಇರುತ್ತಾನೆ. ಹುಟ್ಟಿದಾಗಿನಿಂದ ಅವರ ಬಳಿಯೂ ಒಬ್ಬ ಇದ್ದಾನೆ. ಚಿಕ್ಕಂದಿನಲ್ಲಿ ಜ್ಞಾನೋಪದೇಶದ ಕ್ಲಾಸಿನಲ್ಲಿ ಸಿಸ್ಟರೊಬ್ಬರು, ಕೂರುವಾಗ ಅವನಿಗೆ ಸ್ವಲ್ಪ ಜಾಗ ಬಿಡಿ ಎಂದಿದ್ದರಂತೆ. ಉಳಿದ ಮಕ್ಕಳು ವಾರದೊಳಗೆ ಮರೆತರು. ಇವರು ಅರವತ್ತು ದಾಟಿದರೂ ಬಿಡುತ್ತಲೇ ಇದ್ದರು. ಜನ ಬಂದರೆ ಮಾತ್ರ ಕೊಟ್ಟುಬಿಡುತ್ತಿದ್ದರು. ‘ಅವನಿಗೆ ಕಾಲು ನೋಯೂದಿಲ್ಲ’ ಎನ್ನುತ್ತಿದ್ದರು.

ಒಮ್ಮೆ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಬಿಣಗಾದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ ಅದೇ ಪ್ರಶ್ನೆ ಕೇಳಿದಳು, ಅದೇ ಉತ್ತರ ಬಂತು. ಅವಳು ಬಸ್ಸಿನೊಳಗೆಲ್ಲ ಕಣ್ಣಾಡಿಸಿ, ನಿಂತವರು ಯಾರೂ ಕಾಣದೆ, ಬುಟ್ಟಿಯನ್ನು ಸೀಟಿನಡಿ ತಳ್ಳಿ ಕೂತಳು. ‘ನಾನು ಅವರ್ಸಾದಲ್ಲಿ ಇಳೂದು. ಅಲ್ಲಿಂದ ಮ್ಯಾಲೆ ಅವ್ರಿಗೆ ಕೂರೂಕೆ ಹೇಳಿ, ಪಾಪ’ ಎಂದಳು. ಇಷ್ಟು ಸಲೀಸಾಗಿ ಮುಗಿಯುವ ಮಾತಿಗೆ ನಮ್ಮಂಥ ಓದಿದವರು ಏನೆಲ್ಲ ಮಾಡಿದೆವು ಎಂದು ನೆನೆದರೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ಹಾಲಿನಲ್ಲೂ ಅವರದು ಅದೇ ಪದ್ಧತಿ. ‘ಬಾಜೂಕೆ ಸ್ವಲ್ಪ ಜಾಗ ಬಿಟ್ಟು ಕೂತ್ಕೊಳ್ಳಿ’ ಎಂದು ಬೆಂಚು ಬೆಂಚಿಗೆ ಹೇಳುತ್ತ ಹೋಗುತ್ತಿದ್ದರು. ಕಾಪಿ ಹೊಡೆಯಬಾರದೆಂದು ಹೀಗೆ ಹೇಳುತ್ತಾರೆ ಎಂದು ಮಕ್ಕಳು ತಿಳಿದಿದ್ದರು. ಹೆಡ್ ಮಾಸ್ತರರೂ ಹಾಗೆಯೇ ತಿಳಿದು ಮೀಟಿಂಗಿನಲ್ಲಿ ಅವರ ಶಿಸ್ತನ್ನು ಹೊಗಳಿದ್ದರು. ಕೇಳದೇ ಹೇಳುವ ಚಾಳಿ ಅಕ್ಕೋರಿಗಿರಲಿಲ್ಲ. ಕೇಳಿದರೆ ಮಾತ್ರ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಕನ್ನಡದವನಾದ ನಾನು ಒಮ್ಮೆ ವ್ಯಾಕರಣ ಎತ್ತಿದೆ. ‘ದೇವದೂತ ಅಂದಮೇಲೆ ಅವರು ಅನ್ನಬೇಕಲ್ಲವೇ? ನೀವು ಅವ, ಇವ ಅಂತೀರಿ.’

‘ಐವತ್ತು ವರ್ಷ ಬಾಜೂಕೆ ಕೂತವನಿಗೆ ಎಂತಾ ಬಹುವಚನ ಮಾಸ್ತರೆ’ ಎಂದರು.

ಸ್ಟಾಫ್ ರೂಮಿನಲ್ಲಿ ಅವರನ್ನು ಕೆಣಕುವುದು ನಮ್ಮ ಮಧ್ಯಾಹ್ನದ ಊಟದ ಉಪ್ಪಿನಕಾಯಿಯಾಗಿತ್ತು. ವಿಜ್ಞಾನದ ಮಾಸ್ತರರ ಭಾವ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದು ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ. ಒಂದು ದಿನ ಆ ಮಾಸ್ತರರು ಅಕ್ಕೋರ ಪರ ವಹಿಸುವವರಂತೆ, ‘ನಮ್ಮ ಭಾವನೂ ಎದೆಗೆ ವಿಕಿರಣ ಅಳೆಯೂ ಬ್ಯಾಜು ಹಾಕಿ ಒಳಗೆ ಹೋಗ್ತಾನೆ. ವಿಕಿರಣ ಕಣ್ಣಿಗೆ ಕಾಣ್ತದ್ಯೇ? ಇಲ್ಲ. ಆದ್ರೂ ಅದೆ. ನಿಮ್ಮ ದೂತನೂ ಹಾಗೇ ಅನ್ನಿ’ ಎಂದರು. ಬೇರೆ ಯಾರಾದರೂ ಆಗಿದ್ದರೆ ಈ ಬೆಂಬಲಕ್ಕೆ ಹಿಗ್ಗುತ್ತಿದ್ದರು. ಅಕ್ಕೋರು ಡಬ್ಬಿಯ ಮುಚ್ಚಳ ಹಾಕಿ, ‘ಹಾಗಲ್ಲ. ವಿಕಿರಣಕ್ಕೆ ನಿಮ್ಮ ಭಾವನ ಗುರ್ತಿಲ್ಲ. ಅವನಿಗೆ ನನ್ನ ಗುರ್ತು ಅದೆ’ ಎಂದರು. ಸುಲಭದ ಹೋಲಿಕೆ ಕೊಟ್ಟು ಅವರನ್ನು ಗೆಲ್ಲಿಸಲು ಬಂದವರನ್ನೂ ಅವರು ಹೀಗೆ ವಾಪಸು ಕಳಿಸುತ್ತಿದ್ದರು.

ಅವರ ಸ್ವಂತ ಜನವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಹೊಸದಾಗಿ ಬಂದ ಪಾದ್ರಿಯೊಬ್ಬರು ಪ್ರವಚನದಲ್ಲಿ, ದೇವದೂತರೆಂದರೆ ನಮ್ಮೊಳಗಿನ ಒಳ್ಳೆಯತನ ಎಂದರಂತೆ. ಪೂಜೆ ಮುಗಿದ ಮೇಲೆ ಇವರು ಬಾಗಿಲಲ್ಲೇ ಅವರನ್ನು ತಡೆದು ನಿಲ್ಲಿಸಿದರು. ‘ಫಾದರ್, ಗಾಬ್ರಿಯೇಲ ನಮ್ಮ ಒಳ್ಳೆಯತನ ಆದ್ರೆ ಏಸು ಹುಟ್ಟೂ ಸುದ್ದಿ ತಕ್ಕೊಂಡು ಮರಿಯಮ್ಮನ ಮನೆಗೆ ಹೋದದ್ದು ಯಾರು?’ ಇದನ್ನು ನನಗೆ ಬಸ್ಸಿನಲ್ಲಿ ಹೇಳುವಾಗಲೂ ಅವರ ಮೂಗಿನ ಹೊಳ್ಳೆ ಅಗಲವಾಗಿತ್ತು. ಅಕ್ಕೋರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದೇ ನಾಲ್ಕೈದು ಸಲ. ಎಲ್ಲವೂ ಇಂಥ ಕಾರಣಕ್ಕೇ.

ಇಷ್ಟೇ ಆಗಿದ್ದರೆ ಅವರು ಒಬ್ಬ ತಮಾಷೆಯ ಮುದುಕಿಯಾಗಿ ನಮ್ಮ ನೆನಪಿನಲ್ಲಿ ಉಳಿಯುತ್ತಿದ್ದರು. ಹಾಗಾಗದಿರಲು ಕಾರಣ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ.

ಅವರ್ಸಾದ ಹತ್ತಿರದ ಊರಿನವಳು. ಅಪ್ಪ ಇಲ್ಲ, ತಾಯಿ ಗದ್ದೆ ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ದೊಡ್ಡಪ್ಪನದೇ ಮಾತು. ಹುಡುಗಿ ಕ್ಲಾಸಿನಲ್ಲಿ ಆಗಾಗ ಸುಮ್ಮನೆ ಎಲ್ಲೋ ನೋಡುತ್ತ ಕೂರುತ್ತಿದ್ದಳು. ನಾನು ಅದನ್ನು ಸೋಮಾರಿತನ ಎಂದು ಬೈದಿದ್ದೆ. ಮನೆಯಲ್ಲಿ ಎರಡು ಸಲ ಬಿದ್ದಳಂತೆ. ಗಾಳಿ ತಾಗಿದೆ, ಹೊಗೆ ಹಾಕಿ ಬೆತ್ತದಿಂದ ಬಿಡಿಸಬೇಕು ಎಂದು ದೊಡ್ಡಪ್ಪ ತೀರ್ಮಾನಿಸಿದ. ಭಾನುವಾರ ಅದಕ್ಕೆ ಜನ ಬರುತ್ತಾರೆ ಎಂದು ಹುಡುಗಿಯೇ ಅಕ್ಕೋರ ಮುಂದೆ ಹೇಳಿಕೊಂಡು ಅತ್ತಳು.

ಈ ಸುದ್ದಿ ಸ್ಟಾಫ್ ರೂಮಿಗೆ ಬಂದಾಗ ನಾವೆಲ್ಲ ‘ಎಂಥ ಮೂಢನಂಬಿಕೆ’ ಎಂದೆವು. ಅದೇ ತಿಂಗಳು ನಾನು ಮಕ್ಕಳಿಗೆ ವೈಜ್ಞಾನಿಕ ಮನೋಭಾವದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ. ಆದರೆ ಭಾನುವಾರ ಅಲ್ಲಿಗೆ ಹೋಗೋಣ ಎಂದು ನಮ್ಮಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ದೆವ್ವ ಇಲ್ಲವೇ ಇಲ್ಲ ಎಂದು ನಂಬಿದವರಿಗೆ ಆ ಬೆತ್ತವೂ ಇಲ್ಲವೆಂಬಂತೆ ಆಗಿತ್ತು. ದೆವ್ವ ಇದೆ ಎಂದು ನಂಬಿದ ಹೆಂಗಸು ಮಾತ್ರ ಚೀಲಕ್ಕೆ ಆ ಹುಡುಗಿಯ ಗಣಿತದ ಪಟ್ಟಿ, ಅಂದರೆ ನೋಟುಬುಕ್ಕು, ತುಂಬಿಕೊಂಡು ಹೊರಟು ನಿಂತಳು.

‘ನೀವೂ ಬನ್ನಿ ಮಾಸ್ತರೆ’ ಎಂದರು. ‘ನಂಬದೇ ಇದ್ದವ ಒಬ್ಬ ಬೇಕು, ಸಾಕ್ಷಿಗೆ.’

ಹೋದೆ. ಹೋಗಿ ಮಾಡಿದ್ದೇನು? ಅಂಗಳದಲ್ಲಿ ಚಪ್ಪಲಿ ಸಹ ಬಿಡದೆ ಕೈಕಟ್ಟಿ ನಿಂತೆ. ಜಗಲಿಯ ಮೇಲೆ ದೆವ್ವ ಬಿಡಿಸುವ ಮುದುಕ ಕೂತಿದ್ದ, ಮುಂದೆ ಕೆಂಡ ಸಿದ್ಧವಾಗಿತ್ತು. ಅಕ್ಕೋರು ಅವನನ್ನು ಬೈಯುತ್ತಾರೆ, ಗಲಾಟೆ ಆಗುತ್ತದೆ ಎಂದುಕೊಂಡಿದ್ದೆ. ಅವರು ಅವನ ಎದುರಿಗೇ ಚಾಪೆಯ ಮೇಲೆ ಕೂತು, ಒಂದೇ ಕಸುಬಿನವರು ಮಾತಾಡುವ ಹಾಗೆ ಶುರು ಮಾಡಿದರು.

‘ನೀವು ಬಹಳ ವರ್ಷದಿಂದ ಈ ಕೆಲಸ ಮಾಡ್ತ್ರಿ?’

‘ನನ್ನ ಅಪ್ಪನ ಕಾಲದಿಂದೂ ಅದೆ ಅಕ್ಕೋರೆ.’

‘ಹಾಗಾದ್ರೆ ನಿಮಗೆ ಗೊತ್ತಿರ್ತದೆ. ಅದು ಬಂದ್ರೆ ಏನಾದ್ರೂ ಕೇಳ್ತದೆ, ಬೈತದೆ, ಹೆಸರು ಹೇಳ್ತದೆ. ಇವಳಿಗೆ ಬಂದದ್ದು ಎಂತಾದ್ರೂ ಹೇಳದ್ಯೇ?’

‘ಇಲ್ಲ. ಹುಡ್ಗಿ ಸುಮ್ನೆ ಇರ್ತದೆ ಅಂದ್ರು.’

ಅಕ್ಕೋರು ಪಟ್ಟಿ ಬಿಡಿಸಿ ಅವನ ತೊಡೆಯ ಮೇಲಿಟ್ಟರು. ಆ ಪಟ್ಟಿಯಲ್ಲಿ ಲೆಕ್ಕದ ಸಾಲೊಂದು ಅರ್ಧಕ್ಕೆ ನಿಂತು, ಪೆನ್ನು ಕೆಳಕ್ಕೆ ಜಾರಿ ಗೆರೆಯೊಂದು ಎಳೆದುಹೋಗಿತ್ತು. ಸ್ವಲ್ಪ ಬಿಟ್ಟು ಅದೇ ಲೆಕ್ಕ ಮುಂದುವರಿದಿತ್ತು. ಇಂಥ ಹದಿನೇಳು ಕಡೆ ಅವರು ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಅದೇ ಹುಡುಗಿಯ ಕನ್ನಡ ಪಟ್ಟಿಯಲ್ಲೂ ಅಂಥ ಗೆರೆಗಳಿದ್ದವು. ನಾನು ಅವಕ್ಕೆ ‘ಅಂದವಾಗಿ ಬರೆ’ ಎಂದು ಷರಾ ಬರೆದಿದ್ದೆ.

‘ಇಲ್ಲಿ ಹತ್ತು ಸೆಕೆಂಡು ಅವಳು ಇಲ್ಲ’ ಎಂದರು ಅಕ್ಕೋರು. ‘ಮತ್ತೆ ಬಂದು ಲೆಕ್ಕ ಸರಿ ಮಾಡದಾಳೆ, ಉತ್ತರ ಸರಿ ಅದೆ. ನಾನು ದೆವ್ಚಾರನ್ನ ನಂಬ್ತೆ. ಅವ ಅದಾನೆ. ಆದ್ರೆ ಅವ ಬಂದು ಹೋದ ಮೇಲೆ ಯಾರ ಲೆಕ್ಕವೂ ಸರಿ ಬರೂದಿಲ್ಲ. ಇದು ಅವ ಅಲ್ಲ. ಇದು ಮಿದುಳಿನ ಕಾಯಿಲೆ. ಇಲ್ಲದ ಕಡೆ ಅವನ ಹೆಸರು ಹೇಳಿ ಹುಡ್ಗಿಗೆ ಹೊಡೆದ್ರೆ, ಹೊಡೂವಲ್ಲಿಗೆ ಬತ್ತಾನೆ ಅವ.’

ಮುದುಕ ಪಟ್ಟಿಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ. ಆಮೇಲೆ ಕೆಂಡಕ್ಕೆ ನೀರು ಹಾಕಿದ. ‘ಅಕ್ಕೋರು ಹೇಳೂದು ಖರೆ. ಇದು ನನ್ನ ಕೆಲ್ಸ ಅಲ್ಲ. ದಾಕ್ತರ ಕಡಿಗೆ ಕರ್ಕಂಡೋಗಿ’ ಎಂದು ಹುಡುಗಿಯ ತಾಯಿಗೆ ಹೇಳಿ ಎದ್ದುಹೋದ. ಜನರ ಮುಂದೆ ತನ್ನ ಮಾತು ಬಿತ್ತೆಂದು ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

ಮರುದಿನ ಅಕ್ಕೋರು, ಹುಡುಗಿ, ತಾಯಿ ಬಸ್ಸು ಹಿಡಿದು ಕಾರವಾರಕ್ಕೆ ಹೊರಟರು. ಪ್ರಾಯಶ್ಚಿತ್ತವೆಂಬಂತೆ ನಾನೂ ಹೊರಟೆ. ಅರ್ಗಾ ದಾಟುವಾಗ ಹುಡುಗಿ, ಅಕ್ಕೋರ ಬದಿಯ ಜಾಗ ಯಾರಿಗೆ ಎಂದು ಕೇಳಿದಳು. ಕೇಳಿದ ಮೇಲೆ ಅವರು ಹೇಳಲೇಬೇಕಲ್ಲ, ಹೇಳಿದರು. ‘ನಿನಗೂ ಒಬ್ಬ ಇದ್ದಾನೆ. ನೀನು ಹತ್ತು ಸೆಕೆಂಡು ಇಲ್ಲದೇ ಹೋಗ್ತೀಯಲ್ಲ, ಆಗ ನಿನ್ನ ಪಟ್ಟಿ ಹಿಡ್ಕೊಂಡು ಕೂತವ ಅವನೇ.’ ಹುಡುಗಿ ಮೊದಲ ಸಲ ನಕ್ಕದ್ದನ್ನು ಅಂದು ನೋಡಿದೆ. ಡಾಕ್ಟರು ಪಟ್ಟಿ ನೋಡಿದರು, ಪರೀಕ್ಷೆ ಮಾಡಿಸಿದರು, ಮಾತ್ರೆ ಬರೆದುಕೊಟ್ಟರು. ಮೂರ್ಛೆರೋಗದ ಒಂದು ಬಗೆಯಂತೆ. ಹುಡುಗಿ ಹತ್ತನೇ ಕ್ಲಾಸನ್ನು ಚೆನ್ನಾಗಿಯೇ ಪಾಸು ಮಾಡಿದಳು.

ಇದಕ್ಕೆ ಅಕ್ಕೋರಿಗೆ ಸಿಕ್ಕ ಬಹುಮಾನವನ್ನು ಕೇಳಿ. ಹುಡುಗಿ ಸಂಭ್ರಮದಿಂದ ಮನೆಯಲ್ಲಿ ದೂತನ ವಿಷಯ ಹೇಳಿದಳು. ಕಾದು ಕೂತಿದ್ದ ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು. ಕಿರಿಸ್ತಾಂವ ಅಕ್ಕೋರು ಹುಡುಗಿಯ ತಲೆಯಲ್ಲಿ ದೇವದೂತರನ್ನು ತುಂಬಿ ಮತಾಂತರ ಮಾಡಲು ನೋಡುತ್ತಿದ್ದಾರೆ ಎಂದು ಶಾಲೆಯ ಆಡಳಿತ ಮಂಡಳಿಗೆ ದೂರು ಬಂತು. ಆ ಹುಡುಗಿ ಇವತ್ತಿಗೂ ತನ್ನ ಮನೆದೇವರಿಗೆ ಕಾಯಿ ಒಡೆಸುತ್ತಾಳೆ. ಮತಾಂತರವೂ ಇಲ್ಲ, ಮಣ್ಣೂ ಇಲ್ಲ.

ಮಂಡಳಿಯ ಅಧ್ಯಕ್ಷರು ಕೆಟ್ಟವರೇನಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ನನ್ನನ್ನು ಕರೆದು, ‘ಮಾಸ್ತರೆ, ನೀವು ಭಾಷೆ ಬಲ್ಲವರು. ಅಕ್ಕೋರ ಪರವಾಗಿ ಒಂದು ಚಂದದ ಕಾಗದ ಬರೀರಿ. ದೇವದೂತ ಅಂದದ್ದೆಲ್ಲ ಸಾಂಕೇತಿಕ ಅಂತ ಹಾಕಿ. ಅವರು ಸಹಿ ಮಾಡಿದ್ರೆ ಮುಗೀತು, ಜೂನಿಗೆ ಅವರೇ ಹೆಡ್ ಅಕ್ಕೋರು’ ಎಂದರು. ನಾನು ಬರೆದೆ. ಖುಷಿಯಿಂದಲೇ ಬರೆದೆ. ‘ದೇವದೂತರ ಕುರಿತು ನಾನು ಆಡಿದ ಮಾತುಗಳು ಸಾಂಕೇತಿಕವಾಗಿದ್ದು, ಮಕ್ಕಳಲ್ಲಿ ಧೈರ್ಯ ತುಂಬುವ ಉದ್ದೇಶದವು.’ ಎಷ್ಟು ನುಣುಪಾದ ವಾಕ್ಯ ಎಂದು ಬೆನ್ನು ತಟ್ಟಿಕೊಂಡೆ.

ಅಕ್ಕೋರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

‘ಸಾಂಕೇತಿಕ ಅಂದ್ರೆ ಎಂತದು ಮಾಸ್ತರೆ?’

‘ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವುದು.’

‘ನಮ್ಮ ಗಣಿತದಲ್ಲಿ ಎಕ್ಸ್ ಹಾಗೆ. ಅದರ ಜಾಗದಲ್ಲಿ ಐದು ಹಾಕ್ಬಹುದು, ಹತ್ತು ಹಾಕ್ಬಹುದು. ಎಕ್ಸ್ ಅನ್ನೂದು ಎಲ್ಲೂ ಇಲ್ಲ. ಇವನ ಜಾಗದಲ್ಲಿ ನಾನು ಎಂತ ಹಾಕ್ಲಿ?’

‘ಅಕ್ಕೋರೆ, ಇದು ಒಂದು ಶಬ್ದ ಅಷ್ಟೇ.’

‘ಪ್ರತಿ ಭಾನುವಾರ ಇಗರ್ಜಿಯಲ್ಲಿ ಎದ್ದು ನಿಂತು ಹೇಳ್ತೆ, ದೇವರು ಕಾಣೂದನ್ನೂ ಮಾಡ್ದ, ಕಾಣದ್ದನ್ನೂ ಮಾಡ್ದ ಅಂತ. ಸೋಮವಾರ ಬಂದು, ಅದ್ರಲ್ಲಿ ಅರ್ಧ ಸಾಂಕೇತಿಕ ಅಂತ ಸಹಿ ಹಾಕ್ಲಾ?’ ಪಕ್ಕದ ಖಾಲಿ ಕುರ್ಚಿಯ ಕಡೆ ಕಣ್ಣು ಹಾಯಿಸಿದರು. ‘ಅವ ಇಲ್ಲೇ ಅದಾನೆ. ಅವನ ಮುಂದೆ ಅವ ಇಲ್ಲ ಅಂತ ಬರೀಬೇಕಲ್ಲ.’

ಆರು ದಿನ ಆ ಕಾಗದ ಅವರ ಮೇಜಿನ ಮೇಲಿತ್ತು. ಪ್ರತಿ ದಿನ ಒಬ್ಬೊಬ್ಬರು ಬುದ್ಧಿ ಹೇಳಿದರು. ಏಳನೇ ದಿನ ಅವರು ಅದನ್ನು ಹಾಗೇ ಮಡಚಿ ನನ್ನ ಕೈಗೆ ಕೊಟ್ಟರು. ನಾನು ಅಧ್ಯಕ್ಷರಿಗೆ ಒಪ್ಪಿಸುತ್ತ, ‘ಒಂದು ಶಬ್ದಕ್ಕೆ ಹಠ ಹಿಡಿದಿದ್ದಾರೆ’ ಎಂದೆ. ಜೀವಮಾನವೆಲ್ಲ ಶಬ್ದ ಕಲಿಸಿ ಅನ್ನ ಉಂಡವನು ನಾನು, ಆ ಮಾತು ಆಡಿದವನೂ ನಾನೇ. ಜೂನಿನಲ್ಲಿ ಅವರಿಗಿಂತ ಕಿರಿಯರೊಬ್ಬರು ಹೆಡ್ ಮಾಸ್ತರರಾದರು. ಅಕ್ಕೋರನ್ನು ಎಂಟನೇ ಕ್ಲಾಸಿಗೆ ಇಳಿಸಿದರು. ಅವರು ಒಂದು ದಿನವೂ ಅದರ ಮಾತೆತ್ತಲಿಲ್ಲ. ನಿವೃತ್ತಿಯವರೆಗೂ ಬಸ್ಸಿನಲ್ಲಿ ನನಗೆ ಕಿಟಕಿಯ ಜಾಗ ಕೊಡುತ್ತಲೇ ಇದ್ದರು.

ಈಗ ಶನಿವಾರದ ಸಭೆಗೆ ಬರುತ್ತೇನೆ. ಈಗಿನ ಹೆಡ್ ಮಾಸ್ತರರು ಘಟ್ಟದ ಮೇಲಿನಿಂದ ಹೊಸದಾಗಿ ಬಂದವರು, ಅಕ್ಕೋರನ್ನು ನೋಡಿದವರೇ ಅಲ್ಲ. ಭಾಷಣಕ್ಕೆ ಏನಾದರೂ ಸಿಗುತ್ತದೆಂದು ಅವರ ಹಳೆಯ ಫೈಲು ತೆಗೆದಿದ್ದಾರೆ. ಕಡೆಯಲ್ಲಿ ಒಂದು ಹಳದಿಯಾದ ಹಾಳೆ ಎತ್ತಿ ಹಿಡಿದು, ‘ಅವರು ಎಷ್ಟು ಪ್ರಗತಿಪರರಾಗಿದ್ದರು ಎಂಬುದಕ್ಕೆ ಅವರದೇ ಹೇಳಿಕೆ ಇಲ್ಲಿದೆ’ ಎಂದರು. ಓದಿದರು. ‘ದೇವದೂತರ ಕುರಿತು ನಾನು ಆಡಿದ ಮಾತುಗಳು ಸಾಂಕೇತಿಕವಾಗಿದ್ದು...’

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಅವರ ಅಣ್ಣನ ಮಗನೂ ತಟ್ಟಿದ. ಅತ್ತೆ ಹಳೇ ಕಾಲದವರೆಂದು ಇಷ್ಟು ದಿನ ಮುಜುಗರಪಟ್ಟಿದ್ದವನಿಗೆ ಸಮಾಧಾನವಾದಂತೆ ಕಂಡಿತು. ಬದುಕಿರುವಾಗ ಹೆಡ್ ಅಕ್ಕೋರ ಕುರ್ಚಿ ತೋರಿಸಿ ಆಡಿಸಲಾಗದ ಮಾತನ್ನು ಸತ್ತ ಮೇಲೆ ಪುಕ್ಕಟೆ ಅವರ ಬಾಯಿಗೆ ತುರುಕಿದ್ದರು. ತುರುಕಿದ ಅಕ್ಷರ ನನ್ನದು.

ಹಿಂದಿನ ಬೆಂಚಿನಲ್ಲಿ ಆ ಹುಡುಗಿ ಕೂತಿದ್ದಳು. ಈಗ ಅವಳಿಗೆ ಮದುವೆಯಾಗಿದೆ, ತೊಡೆಯ ಮೇಲೆ ಮಗು. ಅವಳು ಚಪ್ಪಾಳೆ ತಟ್ಟಲಿಲ್ಲ. ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ಅಂಗಳದಲ್ಲಿ ಕೈಕಟ್ಟಿ ನಿಂತಾಗಲೂ ಹೀಗೆಯೇ ನೋಡಿದ್ದಳು.

ನಾನು ಎದ್ದು ನಿಂತೆ. ‘ಸರ್, ಆ ಕಾಗದ ಬರೆದವನು ನಾನು’ ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ‘ಅದು ಅಕ್ಕೋರ ಮಾತಲ್ಲ. ಅವರು ಇದನ್ನು ಒಪ್ಪಲಿಲ್ಲ. ಒಪ್ಪದ್ದಕ್ಕೇ ಈಗ ನೀವು ಕೂರುವ ಕುರ್ಚಿ ಅವರಿಗೆ ಸಿಗಲಿಲ್ಲ. ಕೆಳಗೆ ಸಹಿ ಇದೆಯೇ ನೋಡಿ.’

ಹೆಡ್ ಮಾಸ್ತರರು ಹಾಳೆಯ ಕೆಳಗೆ ನೋಡಿದರು, ತಿರುಗಿಸಿ ಹಿಂದೆ ನೋಡಿದರು. ಮೈಕಿನ ಮುಂದೆಯೇ ಇದ್ದುದರಿಂದ ಅವರು ಮೆಲ್ಲಗೆ ಹೇಳಿದ್ದೂ ಎಲ್ಲರಿಗೂ ಕೇಳಿಸಿತು.

‘ಸಹಿ ಇಲ್ಲ ಮಾಸ್ತರೆ. ಜಾಗ ಖಾಲಿ ಇದೆ.’

‘ಖಾಲಿ ಅಲ್ಲ’ ಎಂದೆ. ‘ಅದು ಅಕ್ಕೋರು ಬಿಟ್ಟ ಜಾಗ.’